ಅಯ್ಯನವರು, ಹಿರಿಯರು, ಸಭೆ

(ಕಲಬುರಗಿಯ ನೆಹರು ಗಂಜ್‌ನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ನೆಹರು ಗಂಜ್ ಎಂದರೆ ತೊಗರಿಯ ಪೇಟೆ. ರೈತ ಮಾಲು ತರುತ್ತಾನೆ, ಅಡತಿಯವರು ಮಾರಿಸಿಕೊಡುತ್ತಾರೆ, ಖರೀದಿದಾರರು ದರ ಹೇಳುತ್ತಾರೆ, ಹಮಾಲರು ಚೀಲ ಹೊರುತ್ತಾರೆ. ಇವರೆಲ್ಲರ ನಡುವೆ ನಂಬಿಕೆ ಇಲ್ಲದಿದ್ದರೆ ಒಂದು ದಿನವೂ ವ್ಯವಹಾರ ಸಾಗದು. ಹಾಗೆಂದು ನಂಬಿಕೆಯ ಮೇಲೆ ಯಾರೂ ತೂಕ ನೋಡದೆ ಬಿಡುವುದಿಲ್ಲ, ಲೆಕ್ಕ ಬರೆಯದೆ ಹಣ ಕೊಡುವುದಿಲ್ಲ. ನಂಬಿಕೆ ಮತ್ತು ಲೆಕ್ಕ ಎರಡೂ ಕೂಡಿ ನಡೆಯಬೇಕೆಂಬುದು ಪೇಟೆಯವರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಕ್ರೈಸ್ತ ಸಭೆಗಳ ಒಳಗೆ ಮುಖಂಡರಿಗೂ ಸದಸ್ಯರಿಗೂ ಇರುವ ಸಂಬಂಧವನ್ನು ಅರಿಯಲು ಈ ಒಂದು ತಿಳಿವಳಿಕೆ ಸಾಕಷ್ಟು ನೆರವಾಗುತ್ತದೆ.

ಹೊರಗಿನವರಿಗೆ ಚರ್ಚು ಎಂದರೆ ಒಂದು ಗೋಪುರ, ಒಂದು ಗಂಟೆ, ಡಿಸೆಂಬರ್ ತಿಂಗಳ ದೀಪಾಲಂಕಾರ. ಬಿಳಿ ನಿಲುವಂಗಿ ತೊಟ್ಟವರೆಲ್ಲ ಪಾದ್ರಿಗಳು, ಪಾದ್ರಿಗಳೆಲ್ಲ ಒಂದೇ ಬಗೆಯವರು ಎಂಬ ಭಾವನೆ ಸಾಮಾನ್ಯ. ಆದರೆ ಪಾದ್ರಿಯನ್ನು ನೇಮಿಸುವವರು ಯಾರು, ಸಂಬಳ ಕೊಡುವವರು ಯಾರು, ಕಾಣಿಕೆಯ ಲೆಕ್ಕ ನೋಡುವವರು ಯಾರು, ಚರ್ಚಿನ ಜಮೀನು ಯಾರ ಹೆಸರಿನಲ್ಲಿದೆ, ಬೇಡವಾದ ಪಾದ್ರಿಯನ್ನು ಸದಸ್ಯರು ಕಳಿಸಬಹುದೇ ಎಂದು ಕೇಳಿದರೆ ಒಂದೊಂದು ಪಂಗಡ ಒಂದೊಂದು ಉತ್ತರ ಕೊಡುತ್ತದೆ. ಆ ಉತ್ತರಗಳ ಹಿಂದೆ ಎರಡು ಸಾವಿರ ವರ್ಷಗಳ ವಾದವಿದೆ. ಆ ವಾದದ ಒಂದು ಭಾಗ ಕರ್ನಾಟಕದ ನೆಲದಲ್ಲೇ ನಡೆದಿದೆ.

ಒಂದು ದೂರಿನಿಂದ ಆರಂಭ

ಮೊದಲು ಪದಗಳನ್ನು ನೋಡಬೇಕು. ಕನ್ನಡ ಕ್ರೈಸ್ತರು ಚರ್ಚಿಗೆ ‘ಸಭೆ’ ಎನ್ನುತ್ತಾರೆ. ಗ್ರೀಕ್ ಭಾಷೆಯ ‘ಎಕ್ಲೇಸಿಯ’ ಎಂಬ ಮೂಲ ಪದಕ್ಕೆ ಇದು ಸರಿಯಾದ ಸಾಟಿ. ಗ್ರೀಕ್ ನಗರಗಳಲ್ಲಿ ನಾಗರಿಕರು ಒಂದೆಡೆ ಕೂಡಿ ಊರಿನ ವಿಷಯಗಳನ್ನು ತೀರ್ಮಾನಿಸುತ್ತಿದ್ದ ಕೂಟಕ್ಕೆ ಆ ಹೆಸರಿತ್ತು. ಅಂದರೆ ಚರ್ಚು ಮೂಲತಃ ಕಟ್ಟಡವಲ್ಲ, ಕೂಡಿದ ಜನ. ಹಾಗೆಯೇ ಬಿಷಪ್ ಎಂಬುದಕ್ಕೆ ಮೂಲದಲ್ಲಿ ಮೇಲ್ವಿಚಾರಕ ಎಂದೂ, ಪ್ರೆಸ್‌ಬಿಟರ್ ಎಂಬುದಕ್ಕೆ ಹಿರಿಯ ಎಂದೂ, ಡೀಕನ್ ಎಂಬುದಕ್ಕೆ ಸೇವಕ ಎಂದೂ ಅರ್ಥ. ಇಂದು ದೊಡ್ಡ ಪದವಿಗಳಾಗಿ ಕಾಣುವ ಹೆಸರುಗಳೆಲ್ಲ ಒಂದು ಕಾಲದಲ್ಲಿ ಕೆಲಸದ ಹೆಸರುಗಳು.

ಬೈಬಲ್ಲಿನ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಯೆರೂಸಲೇಮಿನ ಮೊದಲ ಕ್ರೈಸ್ತರು ವಿಧವೆಯರಿಗೆ ದಿನವೂ ಆಹಾರ ಹಂಚುತ್ತಿದ್ದರು. ಗ್ರೀಕ್ ಮಾತನಾಡುವವರಿಂದ ಒಂದು ದೂರು ಬಂತು: ತಮ್ಮ ಕಡೆಯ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ, ಸ್ಥಳೀಯ ಭಾಷೆಯವರಿಗೇ ಹೋಗುತ್ತಿದೆ. ಭಾಷೆ, ಅನ್ನ, ಪಕ್ಷಪಾತ ಮೂರೂ ಸೇರಿದ ಜಗಳವದು. ಯೇಸುವಿನ ಶಿಷ್ಯರು ಆ ದೂರನ್ನು ಅಡಗಿಸಲಿಲ್ಲ. ತಾವೇ ತೀರ್ಪು ಕೊಡಲೂ ಇಲ್ಲ. ಎಲ್ಲರನ್ನೂ ಕರೆದು, ಒಳ್ಳೆಯ ಹೆಸರುಳ್ಳ ಏಳು ಮಂದಿಯನ್ನು ನೀವೇ ಆರಿಸಿ, ಹಂಚುವ ಕೆಲಸವನ್ನು ಅವರಿಗೆ ಒಪ್ಪಿಸೋಣ ಎಂದರು. ಜನ ಆರಿಸಿದರು, ಶಿಷ್ಯರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ನೇಮಿಸಿದರು.

ಆರಿಸಿದ್ದು ಸದಸ್ಯರು, ನೇಮಿಸಿದ್ದು ಮುಖಂಡರು. ಮುಂದೆ ಹುಟ್ಟಿದ ಪಂಗಡಗಳೆಲ್ಲ ಈ ಎರಡು ಕ್ರಿಯೆಗಳಲ್ಲಿ ಯಾವುದಕ್ಕೆ ಹೆಚ್ಚು ತೂಕ ಎಂಬ ಪ್ರಶ್ನೆಯ ಮೇಲೆಯೇ ಬೇರೆಬೇರೆ ದಾರಿ ಹಿಡಿದವು ಎಂದರೆ ತಪ್ಪಾಗದು.

ಮೂರು ದಾರಿಗಳು

ಮೊದಲನೆಯದು ಬಿಷಪ್ಪರ ದಾರಿ. ಅಧಿಕಾರವು ಶಿಷ್ಯರಿಂದ ಬಿಷಪ್ಪರಿಗೆ, ಬಿಷಪ್ಪರಿಂದ ಪಾದ್ರಿಗಳಿಗೆ ಪರಂಪರೆಯಾಗಿ ಬರುತ್ತದೆ ಎಂಬುದು ಇದರ ನಂಬಿಕೆ. ಕಥೊಲಿಕರು, ಸಿರಿಯನ್ ಸಭೆಗಳು, ಆಂಗ್ಲಿಕನ್ನರು ಈ ದಾರಿಯವರು. ಎರಡನೆಯದು ಹಿರಿಯರ ದಾರಿ. ಸದಸ್ಯರು ಆರಿಸಿದ ಹಿರಿಯರೂ ಪಾದ್ರಿಗಳೂ ಒಂದೇ ಮಂಡಳಿಯಲ್ಲಿ ಕುಳಿತು ನಿರ್ಧರಿಸುತ್ತಾರೆ. ಪ್ರೆಸ್‌ಬಿಟೇರಿಯನ್ನರದು ಈ ಪದ್ಧತಿ. ಮೂರನೆಯದು ಕೂಡಿದ ಸಭೆಯ ದಾರಿ. ಊರಿನ ಒಂದೊಂದು ಸಭೆಯೂ ಸ್ವತಂತ್ರ. ಪಾದ್ರಿಯನ್ನು ಕರೆತರುವುದೂ ಕಳಿಸುವುದೂ ಸದಸ್ಯರ ಮತದಿಂದ. ಕಾಂಗ್ರಿಗೇಷನಲ್ ಮತ್ತು ಬ್ಯಾಪ್ಟಿಸ್ಟ್ ಸಭೆಗಳು ಹೀಗೆ ನಡೆಯುತ್ತವೆ.

ಒಂದೊಂದಕ್ಕೂ ಅದರದೇ ಬಲವಿದೆ, ಅದರದೇ ಅಪಾಯವಿದೆ. ಬಿಷಪ್ಪರ ದಾರಿಯಲ್ಲಿ ಒಗ್ಗಟ್ಟು ಹೆಚ್ಚು; ಮೇಲಿನವರು ಕಿವುಡಾದರೆ ಕೆಳಗಿನವರ ದನಿ ಕೇಳದು. ಸಭೆಯ ದಾರಿಯಲ್ಲಿ ದನಿಗೆ ಬೆಲೆ ಹೆಚ್ಚು; ಊರಿನ ನಾಲ್ಕು ಬಲಾಢ್ಯ ಮನೆತನಗಳು ಸೇರಿದರೆ ಪಾದ್ರಿ ಅವರ ಆಳಾಗುತ್ತಾನೆ. ಹಿರಿಯರ ದಾರಿ ನಡುವಿನದು. ಅಲ್ಲಿ ಹಿರಿಯರೇ ಗುಂಪು ಕಟ್ಟಿಕೊಂಡರೆ ಬಿಡಿಸುವವರಿಲ್ಲ.

ವಾರಕ್ಕೊಂದು ಪೆನ್ನಿ

ಬೀದರ್ ಮತ್ತು ಕಲಬುರಗಿ ಭಾಗದ ಪ್ರಾಟೆಸ್ಟೆಂಟರಲ್ಲಿ ಮೆಥೋಡಿಸ್ಟರು ಹಳಬರು. ಅವರ ಪದ್ಧತಿಯ ಮೂಲ ಅರಿಯಲು ಇಂಗ್ಲೆಂಡಿನ ಬ್ರಿಸ್ಟಲ್ ನಗರಕ್ಕೆ ಹೋಗಬೇಕು. ಅಲ್ಲಿ ಜಾನ್ ವೆಸ್ಲಿ ಪ್ರಾರ್ಥನಾ ಮಂದಿರವೊಂದನ್ನು ಕಟ್ಟಿಸಿದ್ದರು. ಅದರ ಸಾಲ ತೀರಿರಲಿಲ್ಲ. 1742ರ ಫೆಬ್ರುವರಿಯಲ್ಲಿ ಸದಸ್ಯರು ಸಾಲದ ವಿಚಾರಕ್ಕೆ ಕೂಡಿದರು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದು ಒಬ್ಬರು ಸೂಚಿಸಿದರು. ಬಡವರು ಎಲ್ಲಿಂದ ತರಬೇಕು ಎಂಬ ಆಕ್ಷೇಪ ಬಂತು. ಆಗ ಕ್ಯಾಪ್ಟನ್ ಫಾಯ್ ಎಂಬ ಹಡಗಿನ ಅಧಿಕಾರಿ, ಕಡುಬಡವರಾದ ಹನ್ನೊಂದು ಮಂದಿಯನ್ನು ತನ್ನ ಪಾಲಿಗೆ ಬಿಡಲಿ, ವಾರಕ್ಕೊಮ್ಮೆ ಅವರ ಮನೆಗೆ ಹೋಗಿ ಕೊಟ್ಟಷ್ಟು ತೆಗೆದುಕೊಳ್ಳುವೆ, ಕೊಡಲಾರದವರ ಪಾಲು ತಾನೇ ಹಾಕುವೆ ಎಂದ. ಉಳಿದವರೂ ಹಾಗೆಯೇ ಹನ್ನೊಂದು ಹನ್ನೆರಡು ಮಂದಿಯ ಹೊಣೆ ಹೊತ್ತರು.

ವಸೂಲಿಗೆಂದು ಮನೆಮನೆಗೆ ಹೋದವರು ಬೇರೆ ಸುದ್ದಿಯನ್ನೂ ತಂದರು. ಯಾರ ಮನೆಯಲ್ಲಿ ಕಾಯಿಲೆ, ಯಾರು ಕುಡಿತಕ್ಕೆ ಬಿದ್ದಿದ್ದಾರೆ, ಯಾವ ಗಂಡ ಹೆಂಡಿರಲ್ಲಿ ಜಗಳ ಎಂಬುದು ಗೊತ್ತಾಯಿತು. ವೆಸ್ಲಿಗೆ ತಾನು ಬಹುಕಾಲ ಹುಡುಕುತ್ತಿದ್ದ ಉಪಾಯ ಸಿಕ್ಕಿತು. ಹೀಗೆ ಸಾಲ ತೀರಿಸುವ ಏರ್ಪಾಡು ಜನರನ್ನು ನೋಡಿಕೊಳ್ಳುವ ಏರ್ಪಾಡಾಯಿತು. ಅದಕ್ಕೆ ‘ಕ್ಲಾಸ್ ಮೀಟಿಂಗ್’ ಎಂಬ ಹೆಸರು ಬಂತು. ಗುಂಪಿನ ನಾಯಕರಲ್ಲಿ ಹೆಚ್ಚಿನವರು ಪಾದ್ರಿಗಳಲ್ಲ, ನೇಕಾರರು, ಅಂಗಡಿಯವರು, ಗೃಹಿಣಿಯರು. ಓದು ಕಡಿಮೆ ಇದ್ದವರೂ ಮುಂದಾಳುಗಳಾಗಬಹುದು ಎಂಬುದನ್ನು ಈ ಪದ್ಧತಿ ತೋರಿಸಿತು.

1870ರಲ್ಲಿ ಭಾರತಕ್ಕೆ ಬಂದ ಅಮೆರಿಕದ ವಿಲಿಯಂ ಟೇಲರ್ ಇದೇ ಮಾದರಿಯನ್ನು ತಂದರು. ಮುಂಬಯಿಯಲ್ಲಿ ಮನೆಗಳಲ್ಲೇ ಗುಂಪು ಕೂಡಿಸಿದರು. ವಿದೇಶದ ಹಣಕ್ಕೆ ಕೈಯೊಡ್ಡದೆ, ಸದಸ್ಯರು ತಮ್ಮ ಪಾದ್ರಿಯನ್ನು ತಾವೇ ಸಾಕಬೇಕೆಂಬುದು ಅವರ ಹಟ. ದಕ್ಷಿಣ ಭಾರತದ ಮೆಥೋಡಿಸ್ಟ್ ಸಭೆಗಳ ಬೀಜ ಬಿದ್ದದ್ದು ಹೀಗೆ. ಅಂದು ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ್, ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಮುಂದೆ ಸಭೆ ಸೇರಿದವರಲ್ಲಿ ಬಹುಪಾಲು ದಲಿತರು, ಕೂಲಿ ಮಾಡಿ ಬದುಕುವವರು. ಅವರಿಗೆ ಟೇಲರರ ಸ್ವಾವಲಂಬನೆಯ ನಿಯಮ ಪಾಲಿಸುವುದು ಸುಲಭವಾಗಿರಲಿಲ್ಲ. ಶಾಲೆಗೂ ಆಸ್ಪತ್ರೆಗೂ ಪಾಸ್ಟರ ಸಂಬಳಕ್ಕೂ ಮಿಷನ್ನಿನ ಹಣ ಬೇಕಾಯಿತು. ಹಣ ಕೊಟ್ಟವರ ಮಾತು ನಡೆಯಿತು.

1981ರ ಜನವರಿ 7ರಂದು ಭಾರತದ ಮೆಥೋಡಿಸ್ಟ್ ಸಭೆ ಸ್ವಾಯತ್ತವಾಯಿತು. ಬಿಷಪ್ಪರನ್ನು ಆರಿಸುವ ಅಧಿಕಾರ ಇಲ್ಲಿನ ಮಹಾಸಭೆಯದಾಯಿತು. ಪಾದ್ರಿಗಳ ಜೊತೆಗೆ ಸಾಮಾನ್ಯ ಸದಸ್ಯರ ಪ್ರತಿನಿಧಿಗಳೂ ಅಲ್ಲಿ ಮತ ಹಾಕುತ್ತಾರೆ. ಆದರೆ ಪಾಸ್ಟರು ಯಾವ ಊರಿಗೆ ಹೋಗಬೇಕೆಂದು ನಿರ್ಧರಿಸುವವರು ಬಿಷಪ್. ಪಾಸ್ಟರು ಸಭೆಯ ನೌಕರರಲ್ಲ, ಪ್ರಾದೇಶಿಕ ಕಾನ್ಫರೆನ್ಸಿನ ಸದಸ್ಯರು. ವರ್ಗಾವಣೆಯ ಪಟ್ಟಿ ಓದುವ ದಿನ ಅವರ ಮನೆಗಳಲ್ಲಿ ಸರ್ಕಾರಿ ನೌಕರರ ಮನೆಯಲ್ಲಿರುವಷ್ಟೇ ಕಾತರವಿರುತ್ತದೆ. ಮಕ್ಕಳ ಶಾಲೆ, ಹೆಂಡತಿಯ ಉದ್ಯೋಗ ಎಲ್ಲವೂ ಆ ಪಟ್ಟಿಗೆ ಕಟ್ಟಿಕೊಂಡಿವೆ. ಪಾಸ್ಟರು ಒಂದೇ ಊರಿನಲ್ಲಿ ಬೇರು ಬಿಟ್ಟು ಒಡೆಯರಾಗದಂತೆ ಈ ನಿಯಮ ತಡೆಯುತ್ತದೆ. ಸಭೆಗೆ ಬೇಕಾದ ಪಾಸ್ಟರನ್ನು ಉಳಿಸಿಕೊಳ್ಳದಂತೆಯೂ ಅದೇ ನಿಯಮ ತಡೆಯುತ್ತದೆ.

ಇಲ್ಲಿ ಹಳ್ಳಿಯ ಸದಸ್ಯರ ಪಾತ್ರ ಎದ್ದು ಕಾಣುತ್ತದೆ. ಹಲವು ಹಳ್ಳಿಗಳಿಗೆ ಒಬ್ಬರೇ ಪಾಸ್ಟರಿದ್ದರೆ ಎಲ್ಲ ಭಾನುವಾರವೂ ಎಲ್ಲ ಊರಿನಲ್ಲಿ ಅವರಿರಲಾರರು. ಅಯ್ಯನವರು ಬಾರದ ದಿನ ಓದು ಬಲ್ಲವರೊಬ್ಬರು ಬೈಬಲ್ ಓದುತ್ತಾರೆ, ದನಿ ಇದ್ದವರು ಹಾಡು ಹೇಳಿಸುತ್ತಾರೆ, ಹಿರಿಯ ಹೆಂಗಸು ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥನೆ ಮಾಡಿ ಬರುತ್ತಾಳೆ. ಅವರಿಗೆ ಪದವಿಯಿಲ್ಲ, ಸಂಬಳವಿಲ್ಲ. ಸಭೆ ಉಳಿದಿರುವುದು ಅವರಿಂದ. ಕ್ಯಾಪ್ಟನ್ ಫಾಯ್ ಹೊತ್ತ ಹೊಣೆಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಅನ್ನ ಕೊಡುವವರೇ ಅಯ್ಯನವರಾದರೆ

ಕರಾವಳಿ ಮತ್ತು ಮುಂಬಯಿ ಕರ್ನಾಟಕದ ಕಥೆ ಬೇರೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಯಿಂದಲೂ 1894ರ ಕಿಟೆಲರ ನಿಘಂಟಿನಿಂದಲೂ ಅವರ ಹೆಸರು ಕನ್ನಡಿಗರಿಗೆ ಪರಿಚಿತ. ಅವರ ಸಭೆಗಳ ಒಳಾಡಳಿತ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಕ್ರೈಸ್ತರಾದವರು ಆಗ ಮನೆಯಿಂದಲೂ ಜಾತಿಯಿಂದಲೂ ಹೊರಬೀಳುತ್ತಿದ್ದರು. ಅವರ ಹೊಟ್ಟೆಪಾಡಿಗೆಂದು ಮಿಷನ್ ನೇಯ್ಗೆ ಕಾರ್ಖಾನೆ, ಹೆಂಚಿನ ಕಾರ್ಖಾನೆ ತೆರೆಯಿತು. ಮಂಗಳೂರಿನ ಹೆಂಚು ಹೆಸರಾದದ್ದು ಹೀಗೆಯೇ. ಉದ್ದೇಶ ಒಳ್ಳೆಯದು. ಆದರೆ ಒಂದು ತೊಡಕು ಉಂಟಾಯಿತು. ಭಾನುವಾರ ಬೋಧಿಸುವ ಸಂಸ್ಥೆಯೇ ಶನಿವಾರ ಕೂಲಿ ಕೊಡುತ್ತಿತ್ತು. ಕೆಲಸ, ವಾಸದ ಮನೆ, ಮಕ್ಕಳ ಶಾಲೆ ಎಲ್ಲ ಒಂದೇ ಕೈಯಲ್ಲಿದ್ದಾಗ ಸಭಾ ಹಿರಿಯನಾದರೂ ಎದುರು ಮಾತನಾಡುವುದು ಹೇಗೆ? ಸದಸ್ಯರಿಗೆ ಮತವಿದ್ದರೆ ಸಾಲದು, ಮತ ಹಾಕಿದ ಮೇಲೂ ಒಲೆ ಉರಿಯುವ ಭರವಸೆ ಇರಬೇಕು.

ಈ ಗಂಟನ್ನು ಬಿಚ್ಚಿದ್ದು ಯುದ್ಧ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಮಿಷನ್ನಿನ ಜರ್ಮನ್ ಪಾದ್ರಿಗಳು ಬ್ರಿಟಿಷರಿಗೆ ಶತ್ರು ದೇಶದವರಾದರು. ಅವರನ್ನು ಬಂಧನದಲ್ಲಿಟ್ಟು, ಬಳಿಕ ದೇಶದಿಂದ ಕಳಿಸಲಾಯಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ವಶವಾದವು. ಎಂಬತ್ತು ವರ್ಷ ಮೇಲೆ ನಿಂತು ನಡೆಸಿದವರು ಇಲ್ಲವಾದರು. ಸಭೆಗಳು ಮುಚ್ಚಲಿಲ್ಲ. ಸ್ಥಳೀಯ ಪಾದ್ರಿಗಳೂ ಹಿರಿಯರೂ ಕೈಯಲ್ಲಿ ಇದ್ದದ್ದರಲ್ಲಿ ನಡೆಸಿಕೊಂಡು ಹೋದರು. ಕೂಲಿ ಕೊಡುವ ಕೈ, ಬೋಧಿಸುವ ಬಾಯಿ ಬೇರೆಯಾದದ್ದು ಆಗ.

ಇಪ್ಪತ್ತೆಂಟು ವರ್ಷದ ಮಾತುಕತೆ

ಮೂರು ದಾರಿಗಳವರು ಒಂದಾಗಬಹುದೇ? ಈ ಪ್ರಶ್ನೆಗೆ ಜಗತ್ತಿನ ಗಮನ ಸೆಳೆದ ಉತ್ತರ ದಕ್ಷಿಣ ಭಾರತದಿಂದಲೇ ಹೋಯಿತು. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಬೇರೆಬೇರೆ ಸಭೆಗಳ ಭಾರತೀಯ ಮುಖಂಡರು ಕೂಡಿ, ಯುರೋಪಿನ ಜಗಳಗಳಿಂದ ಹುಟ್ಟಿದ ಒಡಕುಗಳನ್ನು ಇಲ್ಲಿ ಹೊತ್ತು ನಡೆಯುವುದೇಕೆ ಎಂದು ಕೇಳಿದರು. ದೋರ್ನಕಲ್‌ನ ಬಿಷಪ್ ವಿ.ಎಸ್. ಅಜರಯ್ಯ ಅವರಲ್ಲಿ ಮುಖ್ಯರು. ಮಾತುಕತೆ ಇಪ್ಪತ್ತೆಂಟು ವರ್ಷ ನಡೆಯಿತು. 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಆರು ವಾರಗಳಲ್ಲಿ, ಮದರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಜನಿಸಿತು. ಆಂಗ್ಲಿಕನ್ನರು, ಬ್ರಿಟಿಷ್ ಮೂಲದ ಮೆಥೋಡಿಸ್ಟರು, ಪ್ರೆಸ್‌ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು ಅದರಲ್ಲಿ ಒಂದಾದರು. ಅಮೆರಿಕದ ಮೂಲದ ಮೆಥೋಡಿಸ್ಟರು ಹೊರಗೇ ಉಳಿದರು. ಆದ್ದರಿಂದಲೇ ಬೀದರ್, ಕಲಬುರಗಿ ಕಡೆ ಇಂದಿಗೂ ಮೆಥೋಡಿಸ್ಟ್ ಎಂಬ ಹೆಸರು ಕೇಳಿಬರುತ್ತದೆ.

ಇಷ್ಟು ವರ್ಷ ಹಿಡಿದದ್ದೇಕೆ? ದೇವರ ವಿಚಾರದಲ್ಲಿ ಭಿನ್ನಾಭಿಪ್ರಾಯ ಹೆಚ್ಚಿರಲಿಲ್ಲ. ಹಗ್ಗಜಗ್ಗಾಟ ಬಿಷಪ್ಪರ ವಿಷಯದಲ್ಲಿ. ಬಿಷಪ್ಪರಿಲ್ಲದೆ ಸಭೆಯಿಲ್ಲ ಎಂದು ಒಂದು ಪಕ್ಷ, ಬಿಷಪ್ಪರೆಂದರೆ ದೊರೆತನ ಎಂದು ಇನ್ನೊಂದು ಪಕ್ಷ. ಕೊನೆಗೆ ಒಪ್ಪಿದ ಸೂತ್ರ ಹೀಗಿತ್ತು: ಬಿಷಪ್ ಇರಲಿ, ಆದರೆ ಸಂವಿಧಾನಕ್ಕೆ ಒಳಪಟ್ಟು ಇರಲಿ, ಅವರನ್ನು ಆರಿಸುವುದರಲ್ಲಿ ಸಭೆಗೆ ಪಾಲಿರಲಿ. ಹಿಂದೆ ಬಿಷಪ್ಪರಿಂದ ದೀಕ್ಷೆ ಪಡೆಯದ ಪಾದ್ರಿಗಳಿಗೆ ಮರುದೀಕ್ಷೆ ಬೇಡ, ಮುಂದಿನ ದೀಕ್ಷೆಗಳೆಲ್ಲ ಬಿಷಪ್ಪರಿಂದಲೇ ಆಗಲಿ. ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿಗೆ ಒಪ್ಪದ ಪಾದ್ರಿಯನ್ನು ಹೇರಬಾರದೆಂಬ ಪ್ರತಿಜ್ಞೆಯೂ ಸೇರಿತು.

ಇಂದು ಸಿಎಸ್‌ಐ ಸಭೆಯೊಂದರಲ್ಲಿ ಸದಸ್ಯರು ಸಭಾಪಾಲನಾ ಸಮಿತಿಯನ್ನು ಆರಿಸುತ್ತಾರೆ. ಅಲ್ಲಿಂದ ಪ್ರತಿನಿಧಿಗಳು ಡಯಾಸಿಸ್ ಮಂಡಳಿಗೆ, ಅಲ್ಲಿಂದ ಸಿನೊಡ್‌ಗೆ ಹೋಗುತ್ತಾರೆ. ಬಿಷಪ್ ಸ್ಥಾನ ತೆರವಾದರೆ ಡಯಾಸಿಸ್ ಮಂಡಳಿ ಮತ ಹಾಕಿ ಕೆಲವು ಹೆಸರುಗಳ ಪಟ್ಟಿ ಮಾಡುತ್ತದೆ, ಆ ಪಟ್ಟಿಯಿಂದ ಒಬ್ಬರನ್ನು ಸಿನೊಡ್ ಕಡೆಯವರು ಆರಿಸುತ್ತಾರೆ. ಪಂಚಾಯಿತಿ ಚುನಾವಣೆ ಬಲ್ಲವರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಮಹಿಳೆಯರಿಗೆ ದೀಕ್ಷೆ ಕೊಡುವುದು 1976ರಲ್ಲಿ ಆರಂಭವಾಯಿತು. 2013ರಲ್ಲಿ ಆಂಧ್ರದ ನಂದ್ಯಾಲದಲ್ಲಿ ಪುಷ್ಪ ಲಲಿತ ಸಿಎಸ್‌ಐನ ಮೊದಲ ಮಹಿಳಾ ಬಿಷಪ್ ಆದರು.

ಕೇಳುವುದು, ಒಪ್ಪುವುದು

ಕಥೊಲಿಕ ಸಭೆಯಲ್ಲಿ ಬಿಷಪ್ಪರನ್ನು ನೇಮಿಸುವವರು ಪೋಪ್, ಫಾದರನ್ನು ಕಳಿಸುವವರು ಬಿಷಪ್. ಚುನಾವಣೆಯ ಮಾತಿಲ್ಲ. ಕಲಬುರಗಿ 2005ರಲ್ಲಿ ಪ್ರತ್ಯೇಕ ಧರ್ಮಪ್ರಾಂತ್ಯವಾದಾಗ ಮೊದಲ ಬಿಷಪ್ ಆಗಿ ರಾಬರ್ಟ್ ಮೈಕೆಲ್ ಮಿರಾಂಡ ನೇಮಕವಾದದ್ದೂ ಹೀಗೆಯೇ. ಹಾಗೆಂದು ಸದಸ್ಯರು ಸುಮ್ಮನೆ ಕೂರುವವರೆಂದು ತಿಳಿಯಬಾರದು. ಮಂಗಳೂರು ಕಡೆಯ ಕಥೊಲಿಕರಲ್ಲಿ ‘ಗುರ್ಕಾರ್’ ಎಂಬ ಮುಖಂಡನ ಪದ್ಧತಿ ಬಹಳ ಹಳೆಯದು. ನಡತೆಯುಳ್ಳ ಗೃಹಸ್ಥನೊಬ್ಬ ತನ್ನ ಕೇರಿಯ ಮನೆಗಳ ಕಷ್ಟಸುಖ ನೋಡುವುದು, ಜಗಳ ಬಗೆಹರಿಸುವುದು, ಮದುವೆ ಮರಣಗಳಲ್ಲಿ ಮುಂದೆ ನಿಲ್ಲುವುದು ವಾಡಿಕೆ.

1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಚರ್ಚನ್ನು ‘ದೇವರ ಜನ’ ಎಂದು ಕರೆಯಿತು. ಪೂಜೆ ಲ್ಯಾಟಿನ್ ಬಿಟ್ಟು ಜನರ ಭಾಷೆಗೆ ಬಂತು. ಬೆಂಗಳೂರಿನಲ್ಲಿ ‘ಜನರ ಭಾಷೆ’ ಯಾವುದೆಂಬ ಪ್ರಶ್ನೆ ಎದ್ದಿತು. ಚರ್ಚುಗಳಲ್ಲಿ ಕನ್ನಡಕ್ಕೆ ತಕ್ಕ ಸ್ಥಾನ ಬೇಕೆಂದು ಕನ್ನಡ ಕಥೊಲಿಕರು ದಶಕಗಳ ಕಾಲ ಹೋರಾಡಿದರು. ಆಡಳಿತ ತಾನಾಗಿ ಕೊಡದ್ದನ್ನು ಸದಸ್ಯರು ಒತ್ತಾಯದಿಂದ ಪಡೆದ ಉದಾಹರಣೆಯಿದು.

1983ರ ಧರ್ಮಸಭಾ ಸಂಹಿತೆಯ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ಪಾಲನಾ ಪರಿಷತ್ತನ್ನು ಬಿಷಪ್ ಸೂಕ್ತವೆಂದು ಕಂಡರೆ ರಚಿಸಬಹುದು. ಅದರ ಮಾತು ಸಲಹೆ ಮಾತ್ರ. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆಂದೂ ಅದೇ ಸಂಹಿತೆ ಹೇಳುತ್ತದೆ. ಪೋಪ್ ಫ್ರಾನ್ಸಿಸ್ 2021ರಲ್ಲಿ ಆರಂಭಿಸಿದ ಸಿನೊಡ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಮೊದಲು ಊರೂರಿನ ಧರ್ಮಕೇಂದ್ರಗಳಲ್ಲಿ ಜನರ ಮಾತು ಕೇಳಿ ಬರೆದುಕೊಳ್ಳಲಾಯಿತು. 2023ರ ಅಕ್ಟೋಬರ್‌ನಲ್ಲಿ ರೋಮಿನಲ್ಲಿ ನಡೆದ ಅಧಿವೇಶನದಲ್ಲಿ ಮಹಿಳೆಯರೂ ಗೃಹಸ್ಥರೂ ಮೊದಲ ಬಾರಿಗೆ ಬಿಷಪ್ಪರ ಜೊತೆ ಮತ ಹಾಕಿದರು. ಸಲಹೆ ಕೇಳುವುದಕ್ಕೂ ಸಲಹೆಗೆ ಕಟ್ಟುಬೀಳುವುದಕ್ಕೂ ಅಂತರವಿದೆ ಎಂಬ ಟೀಕೆ ಉಳಿದಿದ್ದರೂ, ಕೇಳುವ ಅಭ್ಯಾಸ ಆರಂಭವಾಗಿದೆ.

ಎಲ್ಲಿ ಮುಗ್ಗರಿಸುತ್ತದೆ

ನಿಯಮ ಇದ್ದ ಮಾತ್ರಕ್ಕೆ ಎಲ್ಲವೂ ಸರಿ ಎನ್ನಲಾಗದು. ಸಿಎಸ್‌ಐನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಬಿಷಪ್ಪರ ನಿವೃತ್ತಿ ವಯಸ್ಸನ್ನು 67ರಿಂದ 70ಕ್ಕೆ ಏರಿಸುವ ತಿದ್ದುಪಡಿ ಮತ್ತು ಆಡಳಿತ ಚುನಾವಣೆಗಳ ಬಗ್ಗೆ ಸದಸ್ಯರು ನ್ಯಾಯಾಲಯಕ್ಕೆ ಹೋದರು. 2024ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟ್ ಸಿನೊಡ್ ವ್ಯವಹಾರ ನೋಡಿಕೊಳ್ಳಲು ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸಿತು. ವಿವಾದ ಸುಪ್ರೀಂ ಕೋರ್ಟನ್ನೂ ಮುಟ್ಟಿತು. ಇಪ್ಪತ್ತೆಂಟು ವರ್ಷ ಕೂತು ಮಾತನಾಡಿ ಕಟ್ಟಿದ ಸಭೆಯೊಂದು ತನ್ನ ಚುನಾವಣೆಗಾಗಿ ಕೋರ್ಟಿನ ಬಾಗಿಲಿಗೆ ಹೋದದ್ದು ವಿಷಾದದ ಸಂಗತಿ. ಆದರೆ ಸಾಮಾನ್ಯ ಸದಸ್ಯ ಸಂವಿಧಾನದ ಪುಸ್ತಕ ಹಿಡಿದು ಪ್ರಶ್ನಿಸಬಹುದೆಂಬುದನ್ನೂ ಅದೇ ಪ್ರಕರಣ ತೋರಿಸುತ್ತದೆ.

ಇಂಥ ಹೆಚ್ಚಿನ ಜಗಳಗಳ ಬುಡದಲ್ಲಿ ಇರುವುದು ಜಮೀನು. ಮಿಷನ್ನಿನ ಕಾಲದಲ್ಲಿ ಊರಾಚೆ ಇದ್ದ ಕಾಂಪೌಂಡುಗಳು ಇಂದು ಊರ ನಡುವೆ ಬಂದಿವೆ. ಆಸ್ತಿ ಟ್ರಸ್ಟಿನ ಹೆಸರಿನಲ್ಲಿರುತ್ತದೆ, ಟ್ರಸ್ಟಿನ ಕಚೇರಿ ದೂರದ ನಗರದಲ್ಲಿರುತ್ತದೆ, ಊರಿನ ಸದಸ್ಯರಿಗೆ ಕಾಗದಪತ್ರ ಕಾಣಸಿಗುವುದಿಲ್ಲ. ಮರೆಯಲ್ಲಿ ನಡೆದದ್ದು ನ್ಯಾಯವೇ ಆಗಿದ್ದರೂ ಅನುಮಾನ ಹುಟ್ಟಿಸುತ್ತದೆ.

ಈಚಿನ ದಶಕಗಳಲ್ಲಿ ಹೆಚ್ಚಿರುವ ಸ್ವತಂತ್ರ ಪ್ರಾರ್ಥನಾ ಸಭೆಗಳಲ್ಲಿ ಸಮಸ್ಯೆಯ ರೂಪ ಬೇರೆ. ಒಬ್ಬ ಪಾಸ್ಟರ ಪರಿಶ್ರಮದಿಂದಲೇ ಸಭೆ ಹುಟ್ಟಿರುತ್ತದೆ. ಹಾಡು, ಉತ್ಸಾಹ, ಕಷ್ಟಕ್ಕೆ ಕೂಡಲೇ ಒದಗುವ ಆಪ್ತತೆ ಎಲ್ಲವೂ ಇರುತ್ತವೆ. ಆದರೆ ಬ್ಯಾಂಕ್ ಖಾತೆ, ಕಟ್ಟಡ, ಉತ್ತರಾಧಿಕಾರ ಎಲ್ಲವೂ ಒಂದೇ ಕುಟುಂಬದಲ್ಲಿ ಉಳಿಯುವುದುಂಟು. ಪ್ರಶ್ನಿಸಿದವರನ್ನು ದೇವರ ಅಭಿಷಿಕ್ತನ ವಿರುದ್ಧ ನಿಂತವರೆಂದು ಸುಮ್ಮನಾಗಿಸುವುದೂ ಉಂಟು. ಹಳೆಯ ಸಭೆಗಳಲ್ಲೂ ನ್ಯೂನತೆ ಇಲ್ಲದಿಲ್ಲ. ಭಾನುವಾರ ಬೆಂಚುಗಳಲ್ಲಿ ಹೆಂಗಸರೇ ಹೆಚ್ಚು, ಸಮಿತಿಯ ಕುರ್ಚಿಗಳಲ್ಲಿ ಗಂಡಸರೇ ಹೆಚ್ಚು. ಜಾತಿ ಹೊಸ್ತಿಲ ಹೊರಗೇ ನಿಂತಿತೆಂದು ಹೇಳಲೂ ಆಗದು. ದಲಿತ ಕ್ರೈಸ್ತರು ಬಹುಸಂಖ್ಯೆಯಲ್ಲಿರುವ ಕಡೆಯೂ ಮೇಲಿನ ಹುದ್ದೆಗಳಲ್ಲಿ ತಮ್ಮವರು ವಿರಳ ಎಂಬ ದೂರನ್ನು ಅವರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ.

ದೂರು ಬಂದಾಗ ಏನು ಮಾಡಬೇಕು?

ಇದು ಕ್ರೈಸ್ತರ ಮನೆಯೊಳಗಿನ ಮಾತಷ್ಟೇ ಅಲ್ಲ. ಕಮಲಾಪುರ, ಹುಮನಾಬಾದ್ ದಾಟಿ ಹೋದರೆ ಬಸವಕಲ್ಯಾಣ ಸಿಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಕೂಡಿದ ಶರಣರಲ್ಲಿ ಮಂತ್ರಿಯೂ ಇದ್ದ, ಅಂಬಿಗನೂ ಇದ್ದ, ಹೆಂಗಸರೂ ಇದ್ದರು. ಯಾರ ಮಾತಿಗೂ ಪ್ರಶ್ನೆ ಹಾಕಬಹುದಿತ್ತು ಎಂಬ ನೆನಪೇ ಈ ನೆಲದ ಹೆಮ್ಮೆ. ಮಠವಿರಲಿ, ದರ್ಗಾ ಇರಲಿ, ಸಹಕಾರ ಸಂಘವಿರಲಿ, ಮುಂದಾಳು ಮತ್ತು ಸದಸ್ಯರ ನಡುವಿನ ಪ್ರಶ್ನೆ ಒಂದೇ.

ಇಷ್ಟು ಕಥೆಗಳಿಂದ ಮೂರು ಮಾತು ಸ್ಪಷ್ಟವಾಗುತ್ತವೆ. ಮೊದಲನೆಯದು, ಲೆಕ್ಕ ಕೇಳುವುದು ಅವಿಶ್ವಾಸವಲ್ಲ. ವರ್ಷಕ್ಕೊಮ್ಮೆ ಆದಾಯ ವೆಚ್ಚವನ್ನು ಸಭೆಯ ಮುಂದೆ ಓದುವ ಪಾದ್ರಿಗೆ ಗೌರವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಎರಡನೆಯದು, ಪ್ರಶ್ನಿಸುವ ಸದಸ್ಯ ಹೊಣೆಯನ್ನೂ ಹೊರಬೇಕು. ವಾರಕ್ಕೊಂದು ಪೆನ್ನಿ ಕೊಡಲಾರದವರ ಪಾಲನ್ನು ತಾನು ಹಾಕುವೆನೆಂದ ಮನುಷ್ಯನಿಗೆ ಸಭೆಯಲ್ಲಿ ಮಾತನಾಡುವ ಹಕ್ಕು ಯಾರೂ ಕೊಡಬೇಕಾಗಿರಲಿಲ್ಲ, ಅದು ತಾನಾಗಿ ಬಂದಿತ್ತು. ಕೆಲಸಕ್ಕೆ ಬಾರದೆ ಚುನಾವಣೆಯ ದಿನ ಮಾತ್ರ ಬರುವವರಿಂದ ಯಾವ ಸಭೆಯೂ ಉದ್ಧಾರವಾಗಿಲ್ಲ. ಮೂರನೆಯದು, ಅನ್ನವೂ ಅಧಿಕಾರವೂ ಒಂದೇ ಕೈಯಲ್ಲಿದ್ದರೆ ಒಳ್ಳೆಯವರ ಕಿವಿಗೂ ಸತ್ಯ ತಲುಪುವುದಿಲ್ಲ. ಮಂಗಳೂರಿನ ಕಾರ್ಖಾನೆಗಳ ಕಾಲ ಕಲಿಸಿದ ಪಾಠವಿದು.

ಯೆರೂಸಲೇಮಿನ ಆ ಏಳು ಮಂದಿಯ ಹೆಸರುಗಳು ಬೈಬಲ್ಲಿನಲ್ಲಿ ದಾಖಲಾಗಿವೆ. ಏಳೂ ಗ್ರೀಕ್ ಹೆಸರುಗಳು. ದೂರಿದ್ದು ಗ್ರೀಕ್ ಮಾತನಾಡುವವರು. ಸಭೆ ಉಗ್ರಾಣವನ್ನು ಒಪ್ಪಿಸಿದ್ದು ಬಹುಶಃ ಆ ಕಡೆಯವರಿಗೇ. ಹೆಚ್ಚು ಸಂಖ್ಯೆಯವರು ತಮ್ಮ ಕೈಯಲ್ಲಿದ್ದ ಕೀಲಿಕೈಯನ್ನು ನೊಂದವರ ಕೈಗೆ ಕೊಟ್ಟರು. ಅವರು ಮರಳಿ ಎಲ್ಲರಿಗೂ ಸಮನಾಗಿ ಹಂಚುವರೆಂದು ನಂಬಿದರು. ಆ ದಿನದ ಬಳಿಕ ಸಭೆ ಬೆಳೆಯಿತೆಂದು ಅದೇ ಅಧ್ಯಾಯ ಹೇಳುತ್ತದೆ.